ಚಿನ್ನದ ಪುಡಿ ಅಕ್ಷರ ಬಿಟ್ಟು ಕಾಗದಕ್ಕೆಲ್ಲ ಅಂಟುತ್ತಿದೆ, ಏನು ಮಾಡಲಿ?

ಪ್ರಶ್ನೆ: ನಮ್ಮದು ಶಿರಸಿ ಕಡೆ. ಚೌತಿಗೆ ನೆಂಟರಿಷ್ಟರಿಗೆ ಕಳಿಸಲು ನಲವತ್ತು ಶುಭಾಶಯ ಪತ್ರಗಳನ್ನು ಕೈಯಾರೆ ಮಾಡಲು ಹೊರಟಿದ್ದೇನೆ. ಆನ್‌ಲೈನ್‌ನಲ್ಲಿ ಚಿನ್ನದ ಬಣ್ಣದ ಎಂಬಾಸಿಂಗ್ ಪೌಡರ್ (ಬಿಸಿಗೆ ಕರಗಿ ಅಕ್ಷರವನ್ನು ಉಬ್ಬಿಸುವ ಪುಡಿ) ತರಿಸಿದೆ, ಪೇಟೆಯಲ್ಲಿ ‘ಚೌತಿ ಹಬ್ಬದ ಶುಭಾಶಯ’ ಎಂದು ರಬ್ಬರ್ ಸ್ಟ್ಯಾಂಪ್ ಮಾಡಿಸಿದೆ. ಆಫೀಸಿನ ನೇರಳೆ ಸ್ಟ್ಯಾಂಪ್ ಪ್ಯಾಡಿನಲ್ಲಿ ಅದ್ದಿ ಒತ್ತಿ, ಪುಡಿ ಉದುರಿಸಿ, ಹೇರ್ ಡ್ರೈಯರ್ ಹಿಡಿದರೆ ಪುಡಿ ಎಲ್ಲ ಹಾರಿಹೋಯಿತು. ನಮ್ಮ ಮನೆಯವರು ಹಾರ್ಡ್‌ವೇರ್ ಅಂಗಡಿಯಿಂದ ಬಿಸಿ ಗಾಳಿ ಊದುವ 1500 ವ್ಯಾಟ್‌ನ ಹೀಟ್ ಗನ್ ತಂದುಕೊಟ್ಟರು. ಈಗ ಅಕ್ಷರ ಒಂದು ಕಡೆ ತರಿತರಿ, ಇನ್ನೊಂದು ಕಡೆ ಎಣ್ಣೆ ಕಲೆಯಂತೆ ಇಳಿದುಹೋಗಿದೆ. ಕಾರ್ಡು ಡೊಂಕಾಗಿದೆ. ಅಕ್ಷರದ ಸುತ್ತಲೂ ಚಿನ್ನದ ಚುಕ್ಕಿ. ಪಕ್ಕದ ಮನೆಯವರು ರಂಗೋಲಿ ಪುಡಿಯೇ ಸಾಕು ಅನ್ನುತ್ತಾರೆ. ಇನ್ನೊಬ್ಬರು ಗ್ರಿಲ್ಲಿಗೆ ಹೊಡೆಯುವ ಪೌಡರ್ ಕೋಟಿಂಗ್ ಪುಡಿಯೂ ಇದೂ ಒಂದೇ, ಅಗ್ಗ ಎಂದರು. ಮನೆಯಲ್ಲಿ ಅತ್ತೆಗೆ ಉಬ್ಬಸ, ಎಂಟು ವರ್ಷದ ಮಗಳಿಗೆ ತಾನೂ ಮಾಡಬೇಕೆಂಬ ಹಟ. ಹಬ್ಬಕ್ಕೆ ಇನ್ನು ಮೂರೇ ವಾರ. ಮುಂದುವರಿಸಲೋ, ಬಿಡಲೋ?

ಉತ್ತರ: ಮುಂದುವರಿಸಿ. ನಿಮ್ಮ ಪುಡಿ ಕೆಟ್ಟದ್ದಲ್ಲ, ಗನ್ನೂ ಕೆಲಸಕ್ಕೆ ಬರುತ್ತದೆ. ನೀವು ಹೇಳಿರುವ ತೊಂದರೆಗಳಲ್ಲಿ ಹೆಚ್ಚಿನವು ಶುರುವಾಗಿರುವುದು ಗನ್ನಿನ ಸ್ವಿಚ್ ಒತ್ತುವ ಮೊದಲೇ. ಕಾಗದದಲ್ಲಿ ಬೇಡದ ತೇವ ಇದೆ, ಇಂಕಿನಲ್ಲಿ ಬೇಕಾದ ಹಸಿ ಇಲ್ಲ. ಬಿಸಿ ಆ ತಪ್ಪನ್ನು ಕಣ್ಣಿಗೆ ಕಾಣಿಸಿತು, ಅಷ್ಟೆ.

ಲಗ್ನಪತ್ರಿಕೆ ಮುದ್ರಿಸುವ ಪ್ರೆಸ್ಸುಗಳಲ್ಲಿ ಇದೇ ಕೆಲಸವನ್ನು ಥರ್ಮೋಗ್ರಫಿ ಎನ್ನುತ್ತೇವೆ. ಬೇಗ ಒಣಗದ ಇಂಕಿನಲ್ಲಿ ಅಚ್ಚಾದ ಹಾಳೆ ಮಷಿನ್ನಿನಿಂದ ಹಸಿಯಾಗಿಯೇ ಹೊರಬರುತ್ತದೆ. ಅದರ ಮೇಲೆ ಪುಡಿ ಸುರಿಯುತ್ತದೆ. ಹಸಿ ಇದ್ದಲ್ಲಿ ಮಾತ್ರ ಪುಡಿ ನಿಂತು, ಉಳಿದದ್ದನ್ನು ಗಾಳಿ ಹೀರಿಕೊಂಡು ಹೋಗುತ್ತದೆ. ಆಮೇಲೆ ಹಾಳೆ ಬಿಸಿ ಗೂಡಿನೊಳಗೆ ಹಾದು ತಣ್ಣಗಾಗಿ ಹೊರಬೀಳುತ್ತದೆ. ಈ ಪುಡಿ ಎಂದರೆ ಬಿಸಿಗೆ ಕರಗಿ, ತಣ್ಣಗಾದಾಗ ಗಟ್ಟಿಯಾಗುವ ಪ್ಲಾಸ್ಟಿಕ್ ಜಾತಿಯ ರಾಳ. ಸಾಮಾನ್ಯವಾಗಿ 120ರಿಂದ 180 ಡಿಗ್ರಿ ಸೆಲ್ಸಿಯಸ್ ನಡುವೆ ಕರಗುತ್ತದೆ. ಪುಡಿಗೆ ಸ್ವಂತ ಅಂಟು ಇಲ್ಲ, ಅಕ್ಷರ ಯಾವುದು ಖಾಲಿ ಜಾಗ ಯಾವುದು ಎಂಬುದೂ ಅದಕ್ಕೆ ಗೊತ್ತಿಲ್ಲ. ತೇವ ಕಂಡಲ್ಲಿ ಕೂರುತ್ತದೆ.

ಮನೆಯಲ್ಲಿ ಹಳೆಯ ಲಗ್ನಪತ್ರಿಕೆಗಳಿದ್ದರೆ ನಾಲ್ಕೈದು ತೆಗೆದು ಬೆರಳಾಡಿಸಿ ನೋಡಿ. ಎದುರಿಗೆ ಉಬ್ಬಿ, ಹಿಂದೆ ತಗ್ಗಾಗಿದ್ದರೆ ಅದು ಎರಡು ಅಚ್ಚುಗಳ ನಡುವೆ ಕಾಗದವನ್ನೇ ಒತ್ತಿದ್ದು. ಕನ್ನಡಿಯಂತೆ ಹೊಳೆದರೂ ಬೆರಳಿಗೆ ಚಪ್ಪಟೆ ಅನ್ನಿಸಿದರೆ ಅದು ಫಾಯಿಲ್, ಅಂದರೆ ಒತ್ತಿ ಅಂಟಿಸಿದ ತೆಳು ಹೊಳಪಿನ ಹಾಳೆ. ಎದುರಿಗೆ ಉಬ್ಬಿದ್ದು, ಹಿಂದೆ ನಯವಾಗಿದ್ದರೆ ಅದೇ ಪುಡಿಯ ಕೆಲಸ. ನೀವು ಮಾಡಲು ಹೊರಟಿರುವುದು ಈ ಮೂರನೆಯದು. ಫಾಯಿಲ್ಲಿನ ಕನ್ನಡಿ ಹೊಳಪು ಇದರಲ್ಲಿ ಬರುವುದಿಲ್ಲ, ಅದಕ್ಕಾಗಿ ಬಿಸಿ ಹೆಚ್ಚಿಸುತ್ತ ಹೋಗಬೇಡಿ.

ಇನ್ನು ನೆರೆಹೊರೆಯವರ ಮಾತಿಗೆ ಬರೋಣ. ರಂಗೋಲಿ ಪುಡಿ ಕಲ್ಲಿನ ಪುಡಿ. ನಿಮ್ಮ ಗನ್ನಿನ ಬಿಸಿಗೆ ಅದು ಕರಗುವುದಿಲ್ಲ, ಕಾಗದ ಸುಟ್ಟರೂ ಅದು ಹಾಗೇ ಉಳಿದಿರುತ್ತದೆ. ಗೋಂದು ಹಚ್ಚಿ ಅದನ್ನು ಉದುರಿಸಿದರೆ ಚೆಂದದ ಕಾರ್ಡೇ ಆಗುತ್ತದೆ, ಆದರೆ ಅದು ಬೇರೆ ಕಲೆ, ಅದಕ್ಕೆ ಗನ್ನು ಬೇಡ. ಗ್ಲಿಟರ್ ಕೂಡ ಕರಗಿ ನಯವಾಗುವ ವಸ್ತುವಲ್ಲ. ಹೆಚ್ಚಿನ ಗ್ಲಿಟರ್ ಪಾಲಿಯೆಸ್ಟರ್ ಹಾಳೆಯ ಚೂರು, ಅದು ಕರಗುವಷ್ಟು ಬಿಸಿ ಮಾಡುವುದರೊಳಗೆ ಕಾಗದ ಕಪ್ಪಾಗಿರುತ್ತದೆ. ಪೌಡರ್ ಕೋಟಿಂಗ್ ಪುಡಿಯ ಮಾತಿನಲ್ಲಿ ಸ್ವಲ್ಪ ನಿಜ ಇರುವುದರಿಂದಲೇ ಅಪಾಯ ಜಾಸ್ತಿ. ನೋಡಲು ಹಾಗೇ ಇರುತ್ತದೆ, ಬಿಸಿಗೆ ಮೆತ್ತಗೂ ಆಗುತ್ತದೆ. ಆದರೆ ಗ್ರಿಲ್ಲು, ಬೀರುಗಳಿಗೆ ಹೊಡೆಯುವ ಪುಡಿ ಪಕ್ವವಾಗಿ ಗಟ್ಟಿಯಾಗಲು ಸುಮಾರು 180–200 ಡಿಗ್ರಿಯಲ್ಲಿ ಹತ್ತು ಹದಿನೈದು ನಿಮಿಷ ಒವನ್ನಿನಲ್ಲಿ ಕೂರಬೇಕು. ಕಬ್ಬಿಣ ತಡೆಯುತ್ತದೆ, ಕಾಗದ ತಡೆಯುವುದಿಲ್ಲ. ಅರೆಬೆಂದ ಆ ರಾಸಾಯನಿಕದ ಹೊಗೆ ಉಬ್ಬಸದವರಿರುವ ಮನೆಗೆ ಖಂಡಿತ ಬೇಡ. ಟೀ ಶರ್ಟ್ ಪ್ರಿಂಟಿಂಗಿನವರು ಬಳಸುವ ಬಿಳಿ ಅಂಟು ಪುಡಿಯೂ ಅಗ್ಗಕ್ಕೆ ಸಿಗುತ್ತದೆ. ಅದು ಕರಗುತ್ತದೆ, ನಿಜ. ಆದರೆ ರಬ್ಬರಿನಂತೆ ಮೆತ್ತಗೆ ಉಳಿದು, ಒಂದರ ಮೇಲೊಂದು ಇಟ್ಟ ಕಾರ್ಡುಗಳು ಸೆಕೆಗೆ ಅಂಟಿಕೊಂಡಾವು. ನಿಮ್ಮಲ್ಲಿರುವ ಒಂದು ಡಬ್ಬಿ ಪುಡಿ ನಲವತ್ತು ಕಾರ್ಡಿಗೆ ಧಾರಾಳ ಸಾಕು. ಕೊಡವಿದ ಪುಡಿ ಮತ್ತೆ ಡಬ್ಬಿಗೇ ಹೋಗುತ್ತದಲ್ಲ.

ಹೇರ್ ಡ್ರೈಯರಿನಲ್ಲಿ ಆಗುತ್ತದೆ ಎಂಬುದೂ ಸುಳ್ಳೇ. ಅದು ಕೂದಲು ಒಣಗಿಸುವ ಯಂತ್ರ. ಗಾಳಿ ಜೋರು, ಬಿಸಿ ಸಾಮಾನ್ಯವಾಗಿ 100 ಡಿಗ್ರಿಯ ಆಸುಪಾಸು ಮೀರುವುದಿಲ್ಲ. ಕರಗುವ ಮೊದಲೇ ಪುಡಿ ಹಾರದೆ ಇನ್ನೇನು?

ಈಗ ಇಂಕು. ಆಫೀಸಿನ ಸ್ಟ್ಯಾಂಪ್ ಪ್ಯಾಡಿನ ಇಂಕಿನ ಸ್ವಭಾವವೇ ಬೇರೆ. ಪ್ಯಾಡಿನಲ್ಲಿ ತಿಂಗಳುಗಟ್ಟಲೆ ಹಸಿಯಾಗಿರುತ್ತದೆ, ಕಾಗದಕ್ಕೆ ತಾಗಿದ ಕೂಡಲೇ ಒಳಕ್ಕೆ ಇಂಗುತ್ತದೆ. ರಸೀದಿಯ ಮೇಲೆ ಮುದ್ರೆ ಒತ್ತಿ ತಕ್ಷಣ ಮಡಚಿ ಕೊಡಬೇಕಾದ ಕೆಲಸಕ್ಕೆ ಅದು ಹೇಳಿಮಾಡಿಸಿದ್ದು. ನಿಮಗೆ ಬೇಕಿರುವುದು ಅದರ ತದ್ವಿರುದ್ಧ. ನೀವು ಸ್ಟ್ಯಾಂಪ್ ಒತ್ತಿ, ಡಬ್ಬಿಯ ಮುಚ್ಚಳ ತಿರುಗಿಸಿ, ಪುಡಿ ಉದುರಿಸುವಷ್ಟರಲ್ಲಿ ಅಕ್ಷರದ ಅರ್ಧ ಭಾಗ ಒಣಗಿರುತ್ತದೆ. ಅಲ್ಲಿ ಪುಡಿ ತೆಳ್ಳಗೆ ಕೂತು ತರಿತರಿಯಾಗುತ್ತದೆ. ಅದನ್ನು ಸರಿಮಾಡಲು ಗನ್ನು ಇನ್ನಷ್ಟು ಹೊತ್ತು ಹಿಡಿಯುತ್ತೀರಿ, ಪಕ್ಕದಲ್ಲಿ ಚೆನ್ನಾಗಿ ಕರಗಿದ್ದು ಅತಿ ಬಿಸಿಯಾಗಿ ಕಾಗದದೊಳಕ್ಕೆ ಇಳಿದುಬಿಡುತ್ತದೆ. ನಿಮ್ಮ ತರಿಯೂ ಎಣ್ಣೆ ಕಲೆಯೂ ಹೀಗೆ ಒಂದೇ ಕಾರಣದಿಂದ ಹುಟ್ಟಿದ ಜೋಡಿ. ಅಕ್ಷರದ ಅಂಚಿನಲ್ಲಿ ನೇರಳೆ ಗೆರೆ ಇಣುಕುತ್ತಿದ್ದರೆ ಅದೂ ಈ ಇಂಕಿನದೇ ಕಾಣಿಕೆ.

ಪುಡಿ ಮಾರುವವರ ಬಳಿಯೇ ಬಣ್ಣವಿಲ್ಲದ ಎಂಬಾಸಿಂಗ್ ಇಂಕ್ ಪ್ಯಾಡ್ ಸಿಗುತ್ತದೆ. ಪುಡಿಗಿಂತ ದುಬಾರಿ ಅನ್ನಿಸಬಹುದು, ಆದರೂ ನನ್ನನ್ನು ಕೇಳಿದರೆ ದುಡ್ಡು ಹಾಕಬೇಕಾದದ್ದು ಅದರ ಮೇಲೇ. ಅದು ಒಂದೆರಡು ನಿಮಿಷ ಜಿಗುಟಾಗಿಯೇ ಇರುತ್ತದೆ, ಗಡಿಬಿಡಿ ಬೇಕಿಲ್ಲ. ಪಿಗ್ಮೆಂಟ್ ಇಂಕ್ ಎಂದು ಬರೆದಿರುವ ಪ್ಯಾಡೂ ಆದೀತು.

ತರಿಸಲು ಸಮಯವಿಲ್ಲದಿದ್ದರೆ ಔಷಧಿ ಅಂಗಡಿಯ ಗ್ಲಿಸರಿನ್ ಇದೆ. ನಾಲ್ಕು ಪಾಲು ಗ್ಲಿಸರಿನ್‌ಗೆ ಒಂದು ಪಾಲು ನೀರು ಬೆರೆಸಿ, ಇಂಕ್ ಹಾಕದ ಹೊಸ ಪ್ಯಾಡಿಗೋ ತೆಳು ಸ್ಪಂಜಿಗೋ ಹನಿಸಿ, ಅದರಲ್ಲಿ ಸ್ಟ್ಯಾಂಪ್ ತಟ್ಟಿ. ಕೆಲಸ ಆಗುತ್ತದೆ, ಆದರೆ ಅದರ ಗುಣವೇ ಅದರ ದೋಷ. ಗ್ಲಿಸರಿನ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಮಳೆಗಾಲದಲ್ಲಿ ನಿಮ್ಮೂರಿನಂಥ ಕಡೆ ಸ್ವಲ್ಪ ಹೆಚ್ಚಾದರೂ ಅಕ್ಷರ ಹರಡಿ ದಪ್ಪವಾಗುತ್ತದೆ, ಬಿಸಿಗೆ ಒಳಗಿಳಿದು ಅಕ್ಷರದ ಸುತ್ತ ಎಣ್ಣೆ ಕಾಗದದಂಥ ನೆರಳು ಬಿಡುತ್ತದೆ. ಸ್ಪಂಜನ್ನು ಬೆರಳಿನಿಂದ ಒತ್ತಿದರೆ ಬೆರಳು ಹೊಳೆಯಬೇಕು, ಹನಿ ನಿಲ್ಲಬಾರದು.

ಕಾಗದದ ಮಾತು. ಸಾಮಾನ್ಯ ಹವೆಯಲ್ಲೇ ಕಾಗದದ ತೂಕದಲ್ಲಿ ಶೇಕಡಾ ಐದಾರರಷ್ಟು ನೀರಿರುತ್ತದೆ. ಮಲೆನಾಡಿನ ಶ್ರಾವಣದಲ್ಲಿ, ಬಟ್ಟೆ ಮೂರು ದಿನವಾದರೂ ಒಣಗದ ಹವೆಯಲ್ಲಿ, ಅದು ಇನ್ನೂ ಏರುತ್ತದೆ. ಹೀಗೆ ಮೆತ್ತಗಾದ ಕಾರ್ಡಿನ ಮೇಲೆಲ್ಲ ಪುಡಿ ಸಣ್ಣಗೆ ಹಿಡಿಯುತ್ತದೆ. ಸಾಲದ್ದಕ್ಕೆ ನಿಮ್ಮ ಬೆರಳಿನ ಬೆವರು, ಜಿಡ್ಡು ತಾಗಿದ ಕಡೆ ಬೆರಳಚ್ಚಿನ ಆಕಾರದಲ್ಲೇ ಚಿನ್ನ ಮೂಡುತ್ತದೆ. ಬಯಲುಸೀಮೆಯ ಬಿರುಬೇಸಗೆಯಲ್ಲಿ ಇದೇ ಚುಕ್ಕಿ ಬೇರೆ ಕಾರಣಕ್ಕೆ ಬರುತ್ತದೆ: ಒಣ ಹವೆಗೆ ಕಾಗದದಲ್ಲಿ ಸ್ಥಾಯೀ ವಿದ್ಯುತ್ ಹುಟ್ಟಿ ಪುಡಿಯನ್ನು ಸೆಳೆಯುತ್ತದೆ. ಅಲ್ಲಿಯವರು ಟಾಲ್ಕಂ ಪೌಡರ್ ಸವರಿದರೆ ಮುಗಿಯಿತು. ನಿಮಗೆ ಅದಷ್ಟೇ ಸಾಲದು, ಮೊದಲು ತೇವ ಓಡಿಸಬೇಕು.

ಡೊಂಕಾಗುವುದೂ ಇದರಿಂದಲೇ. ಒಂದು ಮುಖದ ನೀರು ಬಿಸಿಗೆ ಹಠಾತ್ತನೆ ಆರಿದರೆ ಆ ಮುಖ ಕುಗ್ಗುತ್ತದೆ, ಇನ್ನೊಂದು ಮುಖ ಹಾಗೇ ಇರುತ್ತದೆ. ಕಾರ್ಡು ಬಿಲ್ಲಾಗದೆ ಗತಿಯಿಲ್ಲ.

ಹಾಗಾಗಿ ಕ್ರಮವನ್ನು ಹೀಗೆ ಬದಲಿಸಿ. ಸ್ಟ್ಯಾಂಪ್ ಒತ್ತುವ ಮೊದಲೇ ಖಾಲಿ ಕಾರ್ಡಿನ ಎರಡೂ ಮುಖಕ್ಕೆ ದೂರದಿಂದ ಗನ್ ಆಡಿಸಿ, ಕೈಗೆ ಬೆಚ್ಚಗಾಗುವಷ್ಟು. ಇಸ್ತ್ರಿಪೆಟ್ಟಿಗೆಯಿಂದ ಎರಡೂ ಕಡೆ ಹಗುರಾಗಿ ಎಳೆದರೂ ಆದೀತು. ಸ್ಟೀಮ್ ಇರುವ ಪೆಟ್ಟಿಗೆಯಾದರೆ ನೀರು ಖಾಲಿ ಮಾಡಿ. ತಣಿಯಲು ಬಿಡಿ. ಚಿಟಿಕೆ ಟಾಲ್ಕಂ ಪೌಡರನ್ನು ತೆಳು ಬಟ್ಟೆಯ ಗಂಟಿನಲ್ಲಿ ಕಟ್ಟಿ ಕಾರ್ಡಿನ ಮೇಲೆ ಒಮ್ಮೆ ತಟ್ಟಿ, ಒಣ ಬಟ್ಟೆಯಲ್ಲಿ ಒರೆಸಿ. ಇಲ್ಲಿಂದ ಮುಂದೆ ಕಾರ್ಡನ್ನು ಅಂಚಿನಲ್ಲಷ್ಟೇ ಹಿಡಿಯಿರಿ. ಕೂಡಲೇ ಸ್ಟ್ಯಾಂಪ್ ಒತ್ತಿ, ಪುಡಿಯನ್ನು ಕಂಜೂಸಿ ಮಾಡದೆ ಸುರಿದು, ಮಡಚಿದ ಕಾಗದದ ಮೇಲೆ ಕಾರ್ಡನ್ನು ನೆಟ್ಟಗೆ ಹಿಡಿದು ಹಿಂದಿನಿಂದ ಬೆರಳಲ್ಲಿ ಎರಡು ಸಲ ಚಿಮ್ಮಿ. ಉಳಿದ ಚುಕ್ಕಿಗಳನ್ನು ಒಣಗಿದ ಸಣ್ಣ ಬ್ರಷ್ಷಿನ ತುದಿಯಿಂದ ತೆಗೆಯಿರಿ. ಬೇಸರದ ಕೆಲಸ, ಆದರೆ ಕರಗಿದ ಮೇಲೆ ಅದೇ ಚುಕ್ಕಿಯನ್ನು ಬ್ಲೇಡಿನಲ್ಲಿ ಕೆರೆಯುವುದು ಇನ್ನೂ ಬೇಸರದ್ದು, ಕಾಗದದ ಮೇಲ್ಪದರವೂ ಏಳುತ್ತದೆ.

ಕಾಗದ 250ರಿಂದ 300 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂಗಳಲ್ಲಿ) ಇರಲಿ. ನಯವಾದ ಆರ್ಟ್ ಕಾರ್ಡಿನ ಮೇಲೆ ಇಂಕು ಬೇಗ ಇಂಗದೆ ನಿಲ್ಲುವುದರಿಂದ ಅಕ್ಷರ ಚೊಕ್ಕವಾಗಿ ಬರುತ್ತದೆ. ಲ್ಯಾಮಿನೇಶನ್ ಮಾಡಿದ್ದು ಬೇಡ, ಮೇಲಿನ ಪ್ಲಾಸ್ಟಿಕ್ ಪದರವೇ ಸುಕ್ಕಾಗುತ್ತದೆ. ಒರಟು ಹ್ಯಾಂಡ್‌ಮೇಡ್ ಪೇಪರ್ ನೋಡಲು ಬಲು ಚೆಂದ, ಆದರೆ ಅದರ ತಗ್ಗುಗಳಿಗೆ ಸ್ಟ್ಯಾಂಪ್ ತಾಗುವುದಿಲ್ಲ. ಸಣ್ಣ ಅಕ್ಷರಕ್ಕೆ ಅದು ಆಗಿಬರದು.

ಸ್ಟ್ಯಾಂಪಿನ ವಿಚಾರದಲ್ಲಿ ನೀವು ಕೇಳದ ಒಂದು ಮಾತನ್ನು ನಾನೇ ಹೇಳುತ್ತೇನೆ. ನಿಮ್ಮ ಕಾರ್ಡೊಂದನ್ನು ಕಣ್ಣಿಗೆ ಹತ್ತಿರ ಹಿಡಿದು ‘ಶುಭಾಶಯ’ವನ್ನು ಓದಿ. ‘ಭ’ದ ಹೊಟ್ಟೆ ಸೀಳಿದ ಗೀಟು ಪುಡಿ ತುಂಬಿ ಮುಚ್ಚಿಹೋಗಿದ್ದರೆ ಅದು ‘ಶುಬಾಶಯ’ ಆಗಿರುತ್ತದೆ. ‘ಹಬ್ಬ’ದ ಒತ್ತಕ್ಷರ ಒಂದು ಚಿನ್ನದ ಉಂಡೆಯಾಗಿರುವ ಸಂಭವವೂ ಇದೆ. ಕರಗಿದ ಪುಡಿ ಅಕ್ಕಪಕ್ಕಕ್ಕೆ ಕೊಂಚ ಹರಡಿಯೇ ಹರಡುತ್ತದೆ. ಇಂಗ್ಲಿಷಿನ ಬಿಡಿ ಅಕ್ಷರಗಳಿಗೆ ಅದು ದೊಡ್ಡ ತೊಂದರೆಯಲ್ಲ. ಕನ್ನಡದಲ್ಲಿ ಸುರುಳಿ, ಕೊಂಬು, ಒತ್ತುಗಳ ನಡುವಿನ ಜಾಗವೇ ಕೂದಲೆಳೆಯಷ್ಟು. ಇನ್ನೊಂದು ಸ್ಟ್ಯಾಂಪ್ ಮಾಡಿಸುವುದಾದರೆ ದಪ್ಪ ಬೋಲ್ಡ್ ಅಕ್ಷರ ಬೇಡ, ತೆಳು ಗೆರೆಯ ಫಾಂಟಿನಲ್ಲಿ ಮೂಲ ಅಕ್ಷರವೇ ಎಂಟು ಹತ್ತು ಮಿಲಿಮೀಟರ್ ಎತ್ತರ ಇರಲಿ ಎಂದು ಹೇಳಿ. ಇಂಕ್ ಒಳಗೇ ತುಂಬಿರುವ ಸ್ಟ್ಯಾಂಪ್ ಕೊಡಲು ಬಂದರೆ ತೆಗೆದುಕೊಳ್ಳಬೇಡಿ, ಅದರಲ್ಲಿ ಬೇರೆ ಇಂಕು ಬಳಸಲಾಗದು. ಬರೀ ಹಿಡಿಕೆಯ ರಬ್ಬರ್ ಅಥವಾ ಪಾಲಿಮರ್ ಸ್ಟ್ಯಾಂಪ್ ಕೇಳಿ. ಹಳೆಯದನ್ನೇ ಬಳಸುವುದಾದರೆ ಮುಖದ ನೇರಳೆ ಇಂಕು ಪೂರ್ತಿ ಹೋಗುವವರೆಗೆ ಸೋಪಿನ ನೀರಲ್ಲಿ ಹಳೆ ಟೂತ್‌ಬ್ರಷ್ಷಿನಿಂದ ಉಜ್ಜಿ ಒಣಗಿಸಿ. ಪುಡಿಯಲ್ಲೂ ನುಣುಪು, ದಪ್ಪ ಎಂಬ ಬಗೆಗಳಿವೆ. ಕನ್ನಡ ಅಕ್ಷರಕ್ಕೆ ಅತಿ ನುಣುಪಿನದ್ದೇ ಸರಿ.

ಗನ್ನಿನ ಸರದಿ. ಕಾರ್ಡ್ ಮಾಡುವವರಿಗೆಂದೇ ಬರುವ ಸಣ್ಣ ಗನ್ ಸುಮಾರು 300 ವ್ಯಾಟಿನದು, ಗಾಳಿ ಮೆಲ್ಲಗೆ. ನಿಮ್ಮದು ಗೋಡೆಯ ಪೇಂಟ್ ಕಿತ್ತು ತೆಗೆಯುವ ಸಾಮಾನು. ಮೂತಿಯ ಬಳಿ ಕಡಿಮೆ ಸೆಟ್ಟಿಂಗಿನಲ್ಲೇ 300 ಡಿಗ್ರಿ ದಾಟಬಹುದು, ಹೆಚ್ಚಿನದ್ದರಲ್ಲಿ 500ರ ಮೇಲೆ. ಕಾಗದ ಸುಮಾರು 230 ಡಿಗ್ರಿಗೆ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಹಾಗಂತ ಅದನ್ನು ಮೂಲೆಗೆಸೆಯಬೇಕಿಲ್ಲ. ಕಡಿಮೆ ಸೆಟ್ಟಿಂಗಿನಲ್ಲೇ ಇಡಿ, ಒಂದು ಗೇಣು ದೂರ ಬಿಡಿ, ಕಾರ್ಡನ್ನು ಮರದ ಚಿಮಟದಲ್ಲೋ ಬಟ್ಟೆ ಕ್ಲಿಪ್ಪಿನಲ್ಲೋ ಹಿಡಿದು ಕೆಳಗಿನಿಂದ ಬಿಸಿ ಕೊಡಿ. ಕೆಳಗಿನಿಂದ ಕೊಟ್ಟರೆ ಪುಡಿ ಹಾರುವುದಿಲ್ಲ, ಕಾಗದವೇ ಬಿಸಿಯಾಗಿ ಪುಡಿಯನ್ನು ಕರಗಿಸುತ್ತದೆ. ಮೊದಲು ಹತ್ತು ಹದಿನೈದು ಸೆಕೆಂಡು ಗನ್ನನ್ನು ಖಾಲಿ ಗಾಳಿಗೆ ಓಡಿಸಿ ಕಾಯಲು ಬಿಡಿ. ಇದೇಕೆ ಅಂದರೆ, ಇನ್ನೂ ಪೂರ್ತಿ ಕಾಯದ ಗಾಳಿಯಲ್ಲೇ ಕಾರ್ಡು ಬಹಳ ಹೊತ್ತು ಕೂತರೆ ಪುಡಿ ಕರಗುವುದರೊಳಗೆ ಕಾಗದ ಒಣಗಿ ಮುರುಟಿರುತ್ತದೆ.

ಮಂಕಾಗಿ ಮರಳುಮರಳಾಗಿರುವ ಅಕ್ಷರ ಒಂದು ತುದಿಯಿಂದ ಥಟ್ಟನೆ ಹೊಳಪಾಗುತ್ತ ಬರುವುದು ಕಾಣುತ್ತದೆ. ಹೊಳಪು ಬಂದ ಜಾಗದಿಂದ ಆ ಕ್ಷಣವೇ ಬಿಸಿ ಸರಿಸಬೇಕು. ಬೆಲ್ಲದ ಪಾಕ ನೋಡಿ ಅಭ್ಯಾಸವಿರುವ ನಿಮಗೆ ಈ ಅಂದಾಜು ಹೇಳಿಕೊಡಬೇಕಿಲ್ಲ. ಎಳೆ ಬಂದ ಮೇಲೂ ಒಲೆಯ ಮೇಲೆ ಬಿಟ್ಟರೆ ಏನಾಗುತ್ತದೋ ಅದೇ ಇಲ್ಲಿ ಆಗುವುದು. ಅತಿಯಾದರೆ ಚಿನ್ನ ಕಂದುತ್ತದೆ, ಉಬ್ಬು ಇಳಿಯುತ್ತದೆ. ಹೊಗೆ ಕಂಡರೆ ರಾಳ ಸುಡುತ್ತಿದೆ ಎಂದರ್ಥ. ಬೆಳಕನ್ನು ಓರೆಯಾಗಿ ಬೀಳುವಂತೆ ಇಟ್ಟುಕೊಂಡರೆ ಈ ಹೊಳಪು ಚೆನ್ನಾಗಿ ಕಾಣುತ್ತದೆ, ನೆತ್ತಿಯ ಮೇಲಿನ ಟ್ಯೂಬ್‌ಲೈಟಿನಲ್ಲಿ ಕಾಣುವುದಿಲ್ಲ.

1500 ವ್ಯಾಟ್ ಎಂದರೆ ಆರೂವರೆ ಆಂಪಿಯರ್. ಫ್ಯಾನು, ಮೊಬೈಲ್ ಚಾರ್ಜರಿನ 6 ಆಂಪಿಯರ್ ಪ್ಲಗ್ಗಿಗೆ, ಅದರಲ್ಲೂ ಎಕ್ಸ್‌ಟೆನ್ಶನ್ ಬೋರ್ಡಿಗೆ ಅದನ್ನು ಸಿಕ್ಕಿಸಬೇಡಿ. ಗೀಸರಿಗೋ ಫ್ರಿಜ್ಜಿಗೋ ಇರುವ 16 ಆಂಪಿಯರ್ ಸಾಕೆಟ್ ಬಳಸಿ. ಆರಿಸಿದ ಮೇಲೂ ಮೂತಿಯ ಲೋಹ ಹಲವು ನಿಮಿಷ ಸುಡುತ್ತಿರುತ್ತದೆ. ಆಗ ಅದು ಬಿಸಿಯಾಗಿದೆ ಎಂಬುದಕ್ಕೆ ಯಾವ ಗುರುತೂ ಇರುವುದಿಲ್ಲ, ಮಕ್ಕಳ ಬೆರಳು ಸುಡುವುದು ಹೆಚ್ಚಾಗಿ ಆಗಲೇ. ಮಗಳಿಗೆ ಸ್ಟ್ಯಾಂಪ್ ಒತ್ತುವುದು, ಪುಡಿ ಸುರಿಯುವುದು, ಬ್ರಷ್ಷಿನಲ್ಲಿ ಚುಕ್ಕಿ ತೆಗೆಯುವುದು ಪೂರ್ತಿ ಬಿಟ್ಟುಕೊಡಿ. ನಿಜ ಹೇಳಬೇಕೆಂದರೆ ಪುಡಿ ಸುರಿಯುವುದರಲ್ಲಿ ಮಕ್ಕಳೇ ನಮಗಿಂತ ಧಾರಾಳಿಗಳು, ಅಕ್ಷರ ತುಂಬಿ ಬರುತ್ತದೆ. ಗನ್ ಮಾತ್ರ ನಿಮ್ಮ ಕೈಯಲ್ಲೇ ಇರಲಿ.

ಗನ್ ಬೇಡವೆನಿಸಿದರೆ ಇಸ್ತ್ರಿಪೆಟ್ಟಿಗೆಯೇ ಸಾಕು. ಕಾಟನ್ ಸೆಟ್ಟಿಂಗಿಗೆ ಇಟ್ಟು, ತಳ ಮೇಲಾಗಿ ಎರಡು ಇಟ್ಟಿಗೆಗಳ ನಡುವೆ ಅಲುಗಾಡದಂತೆ ನಿಲ್ಲಿಸಿ, ಕಾರ್ಡನ್ನು ಅದರ ಮೇಲೆ ಒಂದೆರಡು ಸೆಂಟಿಮೀಟರ್ ಎತ್ತರದಲ್ಲಿ ಚಿಮಟದಿಂದ ಹಿಡಿಯಿರಿ. ಗಾಳಿಯೇ ಇಲ್ಲದ ಕಾರಣ ಪುಡಿ ಅಲ್ಲಾಡುವುದಿಲ್ಲ. ಆದರೆ ಮೇಲ್ಮುಖವಾಗಿ ನಿಂತ ಇಸ್ತ್ರಿಪೆಟ್ಟಿಗೆಯ ಪಕ್ಕದಲ್ಲಿ ಮಗು ಓಡಾಡಬಾರದು, ಪುಡಿ ಅದರ ತಳಕ್ಕೆ ಬಿದ್ದರೆ ನಾಳೆ ಬಿಳಿ ಅಂಗಿಗೆ ಚಿನ್ನ ಹತ್ತುತ್ತದೆ. ಗ್ಯಾಸ್ ಒಲೆಯ ಉರಿ ಬೇಡವೇ ಬೇಡ. ದೋಸೆ ಕಾವಲಿಯೂ ಬೇಡ, ಅದರ ಬಿಸಿ ಅಂದಾಜಿಗೆ ಸಿಗದು. ಪ್ಲಾಸ್ಟಿಕ್ ಪುಡಿ ಬಿದ್ದ ಕಾವಲಿಯಲ್ಲಿ ಮತ್ತೆ ದೋಸೆ ಹುಯ್ಯಲೂ ಬಾರದು.

ಅತ್ತೆಯವರ ವಿಷಯದಲ್ಲಿ ನನ್ನ ಸಲಹೆ ಸ್ವಲ್ಪ ಬಿಗಿ. ಕರಗಿ ಗಟ್ಟಿಯಾದ ಅಕ್ಷರದಿಂದ ಅವರಿಗೆ ತೊಂದರೆಯಿಲ್ಲ. ತೊಂದರೆ ಇರುವುದು ಗಾಳಿಯಲ್ಲಿ ತೇಲುವ ನುಣ್ಣನೆ ಪುಡಿ, ಟಾಲ್ಕಂ ಪೌಡರ್, ಮತ್ತು ಬಿಸಿ ಅತಿಯಾದಾಗ ಏಳುವ ವಾಸನೆಯಲ್ಲಿ. ಅವರು ಓಡಾಡುವ ಕೋಣೆಯಲ್ಲಿ ಈ ಕೆಲಸ ಬೇಡ. ಹೊರ ಜಗಲಿಯ ಗಾಳಿಯಿಲ್ಲದ ಮೂಲೆಯೋ, ಕಿಟಕಿ ತೆರೆದ ದೂರದ ಕೋಣೆಯೋ ಆಗಲಿ. ಪುಡಿ ಸುರಿಯುವಾಗ ಫ್ಯಾನ್ ಆರಿಸಿ. ನೀವೂ ಮಗಳೂ ಮಾಸ್ಕ್ ಹಾಕಿಕೊಳ್ಳಿ. ಮುಗಿದ ಮೇಲೆ ಕಸಬರಿಗೆಯಲ್ಲಿ ಗುಡಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಿ. ಆ ವಾಸನೆಗೇ ಅವರಿಗೆ ಎದೆ ಬಿಗಿಯುವುದಾದರೆ ಪುಡಿಯ ಆಸೆ ಬಿಟ್ಟು, ಚಿತ್ರದ ಆಕಾರ ಕತ್ತರಿಸಿದ ಲೋಹದ ಅಥವಾ ಪ್ಲಾಸ್ಟಿಕ್ಕಿನ ಸ್ಟೆನ್ಸಿಲ್ ಇಟ್ಟು ಹಿಂದಿನಿಂದ ಗುಂಡುಮೊನೆಯ ಕಡ್ಡಿಯಿಂದ ಕಾಗದವನ್ನೇ ಉಬ್ಬಿಸುವ ದಾರಿ ಇದೆ. ಅದರಲ್ಲಿ ಬಿಸಿಯೂ ಇಲ್ಲ, ಪುಡಿಯೂ ಇಲ್ಲ. ಚಿನ್ನದ ಬಣ್ಣ ಬರುವುದಿಲ್ಲ, ಗಣಪತಿಯ ಸರಳ ರೇಖಾಚಿತ್ರಕ್ಕೆ ಮಾತ್ರ ತುಂಬ ಒಪ್ಪುತ್ತದೆ. ಇನ್ನೊಂದು ದಾರಿ, ಹೆಸರಿನ ಸಾಲನ್ನು ಮಾತ್ರ ಪ್ರೆಸ್ಸಿನಲ್ಲಿ ಥರ್ಮೋಗ್ರಫಿ ಮಾಡಿಸಿ ಉಳಿದ ಅಲಂಕಾರ ಕೈಯಲ್ಲಿ ಮಾಡುವುದು. ಆದರೆ ಬರೀ ನಲವತ್ತಕ್ಕೆ ಯಾವ ಪ್ರೆಸ್ಸಿನವರೂ ಮಷಿನ್ ಹೂಡಲು ಮನಸ್ಸು ಮಾಡಲಾರರು, ಒಪ್ಪಿದರೂ ಒಂದೊಂದಕ್ಕೆ ಬೀಳುವ ಖರ್ಚು ಹೆಚ್ಚು.

ಈಗಾಗಲೇ ಹಾಳಾದವು ಎಂದು ಬದಿಗಿಟ್ಟ ಕಾರ್ಡುಗಳನ್ನು ಎಸೆದಿಲ್ಲ ತಾನೇ? ತರಿತರಿಯಾದದ್ದಕ್ಕೆ ಕೆಳಗಿನಿಂದ ಮತ್ತೆ ಬಿಸಿ ಕೊಟ್ಟರೆ ಹೆಚ್ಚಿನವು ನಯವಾಗುತ್ತವೆ. ಒಳಗಿಳಿದು ಚಪ್ಪಟೆಯಾದದ್ದನ್ನು ಮತ್ತೆ ಬಿಸಿ ಮಾಡಿ, ಇನ್ನೂ ಅಂಟಂಟಾಗಿರುವಾಗಲೇ ಮೇಲೆ ಹೊಸ ಪುಡಿ ಉದುರಿಸಿ, ಕೊಡವಿ, ಮತ್ತೊಮ್ಮೆ ಕರಗಿಸಿ. ಅಂಚು ಅಷ್ಟು ಚೊಕ್ಕ ಬರದಿದ್ದರೂ ಉಬ್ಬು ಮರಳುತ್ತದೆ. ಕಲೆ ಹರಡಿದ್ದಕ್ಕೆ ಮದ್ದಿಲ್ಲ, ಆ ಕಾರ್ಡುಗಳ ಮೇಲೆ ಬಿಸಿಯ ಅಭ್ಯಾಸ ಮಾಡಿ. ಡೊಂಕಾದದ್ದನ್ನು ಪೂರ್ತಿ ತಣಿದ ಮೇಲೆ ಬಟರ್ ಪೇಪರ್ ಇಟ್ಟು ದಪ್ಪ ಪುಸ್ತಕಗಳ ಕೆಳಗೆ ಒಂದು ರಾತ್ರಿ ಬಿಡಿ. ಇಸ್ತ್ರಿ ಹಾಕಿ ನೇರ ಮಾಡಲು ಹೋದರೆ ಅಕ್ಷರ ಕರಗಿ ಇಸ್ತ್ರಿಪೆಟ್ಟಿಗೆಗೇ ಅಂಟುತ್ತದೆ.

ಒಳಪುಟದಲ್ಲಿ ವಿಳಾಸ, ಒಕ್ಕಣೆ ಏನಾದರೂ ಅಚ್ಚು ಹಾಕಿಸುವುದಿದ್ದರೆ ಪುಡಿಯ ಕೆಲಸಕ್ಕೆ ಮೊದಲೇ ಹಾಕಿಸಿ. ಉಬ್ಬಿದ ಕಾರ್ಡನ್ನು ಝೆರಾಕ್ಸ್ ಅಂಗಡಿಯ ಲೇಸರ್ ಪ್ರಿಂಟರಿಗೆ ಕೊಟ್ಟರೆ ಅದರೊಳಗಿನ ಬಿಸಿ ರೋಲರು ನಿಮ್ಮ ಚಿನ್ನವನ್ನು ಕರಗಿಸಿ ಮೈಗೆ ಬಳಿದುಕೊಳ್ಳುತ್ತದೆ. ಕಾರ್ಡು ಹೋದದ್ದಲ್ಲದೆ ಅಂಗಡಿಯವರ ರಿಪೇರಿ ಬಿಲ್ಲೂ ನಿಮ್ಮ ತಲೆಗೆ. ಅಂಚೆಗೆ ಹಾಕುವಾಗ ಅಕ್ಷರದ ಮೇಲೊಂದು ಬಟರ್ ಪೇಪರ್ ಇರಲಿ, ಕವರು ತುಸು ದಪ್ಪದ್ದಿರಲಿ. ಇಂಕ್ ಪ್ಯಾಡನ್ನು ಇವತ್ತೇ ತರಿಸಲು ಹಾಕಿ.